ಬೀಗದ ಕೈ ಯಾರ ಬಳಿ ಇತ್ತು?



ಹಿಂದಿನ ಬರಹದಲ್ಲಿ ನಮ್ಮ ಕಾಲದ ಪರೀಕ್ಷಾ ಕೊಠಡಿಗಳ ಪ್ರಸಂಗಗಳನ್ನು ಮುಂದುವರಿಸುವೆನೆಂದು ಮಾತು ಕೊಟ್ಟಿದ್ದೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ, ಕ್ಷಮಿಸಿ. ನಡುವೆ ಬಂದ ಒಂದು ದೂರವಾಣಿ ಕರೆ ನನ್ನನ್ನು ಬೇರೊಂದು ವಿಚಾರಕ್ಕೆ ಎಳೆದೊಯ್ದಿದೆ.

ಅಂದು ಸಂಜೆ ಇಲ್ಲಿ ಬೇಗೂರಿನ ನಾಗೇಶ್ವರ ದೇವಾಲಯದ ಜಗಲಿಯ ಮೇಲೆ ಕುಳಿತಿದ್ದೆ. ನಿವೃತ್ತಿಯ ನಂತರ ಮಗನ ಮನೆಗೆ ಬಂದು ನೆಲೆಸಿದ ಮೇಲೆ ಅದು ನನ್ನ ನಿತ್ಯದ ಠಾವು. ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕರೆ ಬಂತು. ಬಂಗಾರಪೇಟೆ ಕಡೆಯ ಹಳ್ಳಿಯ ಹುಡುಗಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಪತ್ರಿಕೋದ್ಯಮ ಓದಿ, ನೇಪಾಳದ ಹಳ್ಳಿ ರೇಡಿಯೋಗಳಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ಹಲವು ವರ್ಷ ದುಡಿದವಳು. ಸಂಸ್ಥೆಗೆ ಹಣ ಬರುತ್ತಿದ್ದುದು ಅಮೆರಿಕದಿಂದ. 2025ರ ಜನವರಿಯಲ್ಲಿ ಅಲ್ಲಿನ ಹೊಸ ಸರ್ಕಾರ ವಿದೇಶಿ ನೆರವನ್ನು ಒಂದೇ ಆಜ್ಞೆಯಿಂದ ತಡೆಹಿಡಿದದ್ದು, ಅದೇ ವರ್ಷದ ಜುಲೈ 1ರಂದು ಯುಎಸ್‌ಏಡ್ ಎಂಬ ಆರು ದಶಕಗಳ ಸಂಸ್ಥೆಯೇ ಕದ ಮುಚ್ಚಿದ್ದು ನಿಮಗೆ ತಿಳಿದೇ ಇದೆ. ಅವಳ ಕೆಲಸವೂ ಹೋಯಿತು. ಊರಿಗೆ ಮರಳಿ ಕೆಲ ತಿಂಗಳಾಗಿವೆಯಂತೆ.

"ಕೆಲಸ ಹೋದದ್ದಕ್ಕೆ ಅಷ್ಟೇನೂ ಬೇಸರವಿಲ್ಲ ಸರ್. ಇನ್ನೊಂದು ಸಿಗುತ್ತದೆ. ಆದರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ವ್ಯರ್ಥವಾಯಿತೆ? ಅದನ್ನು ಹೇಳಿ" ಎಂದಳು.

ನಾನು ತಕ್ಷಣ ಉತ್ತರಿಸಲಿಲ್ಲ. ತರಗತಿಯಲ್ಲಿಯೂ ಹಾಗೆಯೇ ಇದ್ದೆನಲ್ಲವೆ? ಗೊತ್ತಿಲ್ಲದ್ದನ್ನು "ನಾಳೆ ಹೇಳುತ್ತೇನೆ, ನೆನಪಿಸು" ಎನ್ನುವುದು ನನ್ನ ಅಭ್ಯಾಸ. ಮನೆಗೆ ಬಂದು ಊಟದ ಹೊತ್ತಿನಲ್ಲಿ ಈ ಮಾತೆತ್ತಿದಾಗ, ಅಂದು ಬಂದಿದ್ದ ನನ್ನ ಹೆಂಡತಿಯ ತಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ನಿಂತದ್ದೇ ಒಳ್ಳೆಯದಾಯಿತು ಬಿಡಿ ಭಾವ. ಹೊರಗಿನವರು ದುಡ್ಡು ಕೊಟ್ಟು ನಮ್ಮ ಬಾಯಲ್ಲಿ ಅವರ ಮಾತಾಡಿಸುವುದೇ ಅಲ್ಲವೆ ಅದು?"

ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೊಡುವ ಕೈಗೆ ತನ್ನದೇ ಲೆಕ್ಕಾಚಾರವಿರುತ್ತದೆ. ಪತ್ರಿಕೆ, ಬಾನುಲಿ, ದೂರದರ್ಶನಗಳನ್ನು ಬೆಳೆಸಲೆಂದು ಸಿರಿವಂತ ದೇಶಗಳು ಬಡ ದೇಶಗಳಿಗೆ ನೀಡುತ್ತ ಬಂದ ನೆರವಿನಲ್ಲಿ ಅದು ಇನ್ನೂ ಸ್ಪಷ್ಟ. ಜಗತ್ತಿನ ಸುದ್ದಿಯ ಹರಿವು ಸಿರಿವಂತ ದೇಶಗಳಿಂದ ಬಡ ದೇಶಗಳ ಕಡೆಗಷ್ಟೇ ಇದೆ, ಇದು ಸರಿಯಲ್ಲ ಎಂದು ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ಯುನೆಸ್ಕೋಗೆ ವರದಿ ಕೊಟ್ಟಿತು. ನಮ್ಮ ಬಿ.ಜಿ. ವರ್ಗೀಸರೂ ಆ ಆಯೋಗದ ಸದಸ್ಯರಾಗಿದ್ದರು. ಆ ಚರ್ಚೆಯೂ ಸೇರಿದಂತೆ ಹಲವು ಕಾರಣಗಳಿಗೆ ಮುನಿದ ಅಮೆರಿಕ 1984ರ ಕೊನೆಗೆ ಯುನೆಸ್ಕೋವನ್ನೇ ಬಿಟ್ಟು ನಡೆಯಿತು. 2003ರಲ್ಲಿ ಮರಳಿತು, 2018ರ ಕೊನೆಗೆ ಮತ್ತೆ ಹೊರನಡೆಯಿತು, 2023ರಲ್ಲಿ ಮರಳಿ ಸೇರಿತು, 2025ರ ಜುಲೈನಲ್ಲಿ ಪುನಃ ಹೊರಡುವೆನೆಂದು ಘೋಷಿಸಿತು. ಹಬ್ಬಕ್ಕೊಮ್ಮೆ ಮುನಿಸಿಕೊಂಡು ಹೋಗುವ ಅಳಿಯನನ್ನು ನೆಚ್ಚಿ ಮನೆ ಕಟ್ಟಲಾದೀತೆ?

ಆದರೂ "ಎಲ್ಲ ವ್ಯರ್ಥ" ಎಂಬ ಮಾತನ್ನಾಗಲಿ, "ನಿಂತದ್ದೇ ಒಳ್ಳೆಯದು" ಎಂಬ ಮಾತನ್ನಾಗಲಿ ನಾನು ಒಪ್ಪಲಾರೆ. ಇದು ಓದಿ ತಿಳಿದದ್ದಲ್ಲ. ಇಂತಹ ನೆರವನ್ನು ಬದುಕಿನಲ್ಲಿ ಮೂರು ಬಾರಿ ಹತ್ತಿರದಿಂದ ಕಂಡಿದ್ದೇನೆ. ಮೂರನೆಯ ಬಾರಿ ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಮೊದಲನೆಯದು 1975ರ ಮಾತು. ನನಗೆ ಹದಿಮೂರು ವರ್ಷ. ತಂದೆಯವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಕೋಲಾರ ಜಿಲ್ಲೆಯಿಂದ ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ವರ್ಗವಾಗಿತ್ತು. ಆ ಬಿಸಿಲು, ಆ ಕರಿಮಣ್ಣು, ಆ ಜೋಳದ ರೊಟ್ಟಿ ಎಲ್ಲವೂ ನಮಗೆ ಹೊಸತು. ನಮ್ಮ ಮಾತು ಕೇಳಿ ಅಲ್ಲಿನ ಹುಡುಗರು ನಗುತ್ತಿದ್ದರು, ಅವರ ಮಾತು ಕೇಳಿ ನಾವು. ಆ ಊರಿಗೆ ಒಂದು ದಿನ ಜೀಪು ಬಂದು ಒಂದು ಪೆಟ್ಟಿಗೆಯನ್ನೂ, ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನೂ ಇಳಿಸಿ ಹೋಯಿತು. ತಂತಿಬಲೆಯಿಂದ ಹತ್ತು ಅಡಿ ಅಗಲದ ಕೊಡೆಯೊಂದನ್ನು ಕಟ್ಟಿ, ಶಾಲೆಯ ಬಳಿ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಬೆಂಗಳೂರಿಗೇ ದೂರದರ್ಶನ ಬಾರದಿದ್ದ ಕಾಲವದು. ರಾಜಧಾನಿಗೆ ಅದು ಬಂದದ್ದು 1981ರ ನವೆಂಬರ್‌ನಲ್ಲಿ. ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯಲ್ಲಿ ಕುಳಿತು ನಾವು ಟಿ.ವಿ. ನೋಡಿದೆವು!

ಅದು ಸೈಟ್ ಎಂಬ ಹೆಸರಿನ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿತ್ತು. ಭೂಮಿಯ ಮೇಲಿನ ವ್ಯವಸ್ಥೆ ಇಸ್ರೋದ ಹೊಣೆ, ಕಾರ್ಯಕ್ರಮಗಳಲ್ಲಿ ಬಹುಪಾಲು ಆಕಾಶವಾಣಿಯ ಹೊಣೆ. ಆರು ರಾಜ್ಯಗಳ 2400 ಹಳ್ಳಿಗಳು ಅದರೊಳಗಿದ್ದವು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ. ಮುಖ್ಯೋಪಾಧ್ಯಾಯರು ಬೀಗ ತೆಗೆದು ಪೆಟ್ಟಿಗೆಯ ಬಾಗಿಲು ತೆರೆಯುವವರೆಗೆ ಊರಿಗೆ ಊರೇ ಕಾದು ನಿಲ್ಲುತ್ತಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮಕ್ಕಳೆಲ್ಲ ಮುಂದೆ ನೆಲದ ಮೇಲೆ. ಅದುವರೆಗೆ ಶಾಲೆಯ ಅಂಗಳಕ್ಕೆ ಕಾಲಿಡದಿದ್ದ ಕೇರಿಯ ಜನರೂ ಬರುತ್ತಿದ್ದರು, ದೂರದಲ್ಲಿ ನಿಂತಾದರೂ ನೋಡುತ್ತಿದ್ದರು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಆದರೆ ನೋಡಿದ್ದೇನು? ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ದೆಹಲಿಯಿಂದ ಬರುತ್ತಿದ್ದ ಅರ್ಧ ಗಂಟೆಯ ಹಿಂದಿ ಕಾರ್ಯಕ್ರಮ ಬಂದೊಡನೆ ಹೆಂಗಸರು ಮಕ್ಕಳನ್ನೆತ್ತಿಕೊಂಡು ಎದ್ದು ಹೋಗುತ್ತಿದ್ದರು. ಒಮ್ಮೆ ಒಕ್ಕಲುತನದ ಕಾರ್ಯಕ್ರಮ ನೋಡುತ್ತಿದ್ದ ಹಿರಿಯರೊಬ್ಬರು "ಈ ಹೊಲ ನಮ್ದಲ್ಲ ಬಿಡ್ರಿ, ನೀರಿರೋರ್ದು" ಎಂದು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದರು. ನಾವು ಅತ್ತ ನೋಡಬಹುದಿತ್ತೇ ಹೊರತು ಅತ್ತಣವರು ನಮ್ಮನ್ನು ಕೇಳುವ ದಾರಿ ಇರಲಿಲ್ಲ. ಇನ್ನೊಂದು ಸಂಗತಿ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಪ್ರಯೋಗ ಆರಂಭವಾದದ್ದು 1975ರ ಆಗಸ್ಟ್ 1ರಂದು. ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗಿನ್ನೂ ಐದು ವಾರ. ದೇಶದ ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತ್ತು. ಅತ್ತ ಪತ್ರಿಕೆಗಳ ಬಾಯಿ ಕಟ್ಟಿದ್ದ ದಿನಗಳಲ್ಲೇ ಇತ್ತ ಹಳ್ಳಿಗಳಲ್ಲಿ ಮಾಧ್ಯಮದ ಅಭಿವೃದ್ಧಿ ನಡೆದಿತ್ತು! ಯಂತ್ರ ಬಂದರೆ ಸಾಕು, ಮಾಧ್ಯಮ ಬೆಳೆದಂತೆ ಎಂದು ಯಾರಾದರೂ ಹೇಳಿದಾಗ ನನಗೆ ಆ ಕೋಳಿಬಲೆಯ ಕೊಡೆಯೇ ಕಣ್ಣ ಮುಂದೆ ಬರುತ್ತದೆ.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹವನ್ನು ಅವರು ಮರಳಿ ತಮ್ಮ ಕಡೆಗೆ ಸರಿಸಿಕೊಂಡರು. ಮರುದಿನವೂ ನಾವು ಹುಡುಗರು ಅಭ್ಯಾಸಬಲದಿಂದ ಹೋಗಿ ಕುಳಿತೆವು. ಮುಖ್ಯೋಪಾಧ್ಯಾಯರು ಪೆಟ್ಟಿಗೆ ತೆರೆದು ತೋರಿಸಿದರು. ಬರಿಯ ಚುಕ್ಕೆಗಳ ಮಳೆ. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಕೇಂದ್ರವೇನೋ ಆಯಿತು, ಆದರೆ ನಮ್ಮ ಹಳ್ಳಿ ಅದರ ಅಳವಿಗೆ ದೂರ. ಆ ತಂತಿಬಲೆ ಮುಂದೆ ಯಾರದೋ ಹಿತ್ತಲಿನಲ್ಲಿ ಕೋಳಿಗೂಡಾಯಿತು, ಹೇಗೂ ಅದರ ಮೂಲ ಉದ್ಯೋಗವೂ ಅದೇ ತಾನೆ.

ಹಾಗಾದರೆ ಸೈಟ್ ವ್ಯರ್ಥವಾಯಿತೆ? ಇಸ್ರೋಗೆ ಖಂಡಿತ ಅಲ್ಲ. ಅಲ್ಲಿನ ತಂತ್ರಜ್ಞರು ಆ ಒಂದು ವರ್ಷ ಎಲ್ಲವನ್ನೂ ತಮ್ಮ ಕೈಯಿಂದಲೇ ಮಾಡಿ ಕಲಿತರು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದಾಗ ಆ ಕಲಿಕೆ ಕೆಲಸಕ್ಕೆ ಬಂತು. ಎರವಲು ತಂದ ಉಪಗ್ರಹ ಹೋಯಿತು, ಕಲಿತವರು ಉಳಿದರು. ನಮ್ಮ ಹಳ್ಳಿಯಲ್ಲಿ ಮಾತ್ರ ಯಾರಿಗೂ ಏನನ್ನೂ ಕಲಿಸಿರಲಿಲ್ಲ. ಹಾಗಾಗಿ ಅಲ್ಲಿ ಏನೂ ಉಳಿಯಲಿಲ್ಲ.

ಇದನ್ನು ಯೋಚಿಸುವಾಗ ಹೆರ್ಮನ್ ಮೋಗ್ಲಿಂಗ್ ನೆನಪಾಗುತ್ತಾರೆ. ಜರ್ಮನಿಯಿಂದ ಬಂದ ಈ ಬಾಸೆಲ್ ಮಿಷನ್ನಿನ ಪಾದ್ರಿ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. ಇಂದಿಗೂ ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ನನ್ನ ಭಾವಮೈದುನನ ಲೆಕ್ಕದಲ್ಲಿ ನೋಡಿದರೆ ಕನ್ನಡ ಪತ್ರಿಕೋದ್ಯಮದ ಹುಟ್ಟೇ ವಿದೇಶಿ ನೆರವಿನದು! ಅವರ ಉದ್ದೇಶ ಮತಪ್ರಚಾರವೆಂಬುದರಲ್ಲಿ ಗುಟ್ಟೇನೂ ಇಲ್ಲ. ಪತ್ರಿಕೆಯೂ ಬಹುಕಾಲ ಬಾಳಲಿಲ್ಲ. ಮರುವರ್ಷವೇ ಬಳ್ಳಾರಿಗೆ ಹೋಗಿ, ಹೆಸರು ಬದಲಿಸಿಕೊಂಡು, ಬೇಗನೆ ನಿಂತುಹೋಯಿತು. ಆದರೆ ಅಚ್ಚಿನ ವಿದ್ಯೆ ನಮ್ಮವರ ಕೈಗೆ ಬಂದಿತ್ತು. ಆ ವಿದ್ಯೆಯಲ್ಲಿ ಮುಂದೆ ನಮ್ಮವರು ಪುರಾಣವನ್ನೂ ಅಚ್ಚು ಹಾಕಿದರು, ಪಂಚಾಂಗವನ್ನೂ ಹಾಕಿದರು, ಸ್ವಾತಂತ್ರ್ಯದ ಕರಪತ್ರವನ್ನೂ ಹಾಕಿದರು. ಕೊಟ್ಟವರ ಉದ್ದೇಶವನ್ನು ಮೀರಿ ನಡೆಯಲು ಪಡೆದವರಿಗೆ ಸಾಧ್ಯವಾಗಬೇಕಾದರೆ ವಿದ್ಯೆ ಪಡೆದವರ ಕೈಯಲ್ಲಿರಬೇಕು. ಭಾವಮೈದುನನಿಗೆ ಹೀಗೆಂದಾಗ "ನಿಮ್ಮ ಹತ್ತಿರ ವಾದ ಮಾಡಲಾಗದು" ಎಂದು ಮಜ್ಜಿಗೆ ಬಡಿಸಿಕೊಂಡ.

ಎರಡನೆಯ ಬಾರಿ ನಾನು ಇಂತಹ ನೆರವನ್ನು ಕಂಡದ್ದು ಬೂದಿಕೋಟೆಯಲ್ಲಿ. ಹೈದರಾಲಿ ಹುಟ್ಟಿದ ಊರೆಂದು ಸಮಾಜ ಪಾಠದಲ್ಲಿ ನಿಮ್ಮಿಂದ ಉರು ಹೊಡೆಸುತ್ತಿದ್ದ ಅದೇ ಬೂದಿಕೋಟೆ. ನಾನಾಗ ಬಂಗಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದೆ. ಬೆಂಗಳೂರಿನ ವಾಯ್ಸಸ್ ಎಂಬ ಸಂಸ್ಥೆಯೂ ಮೈರಾಡವೂ ಸೇರಿ, ಯುನೆಸ್ಕೋದ ಹಣದ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಎಂಬ ಬಾನುಲಿಯನ್ನು ಆರಂಭಿಸಿದ್ದವು. ಬಾನುಲಿ ಎಂದೆ, ಆದರೆ ಬಾನಿನಲ್ಲಿ ಉಲಿಯಲು ಅದಕ್ಕೆ ಅಪ್ಪಣೆ ಇರಲಿಲ್ಲ! 1885ರ ಟೆಲಿಗ್ರಾಫ್ ಕಾಯಿದೆಯ ಪ್ರಕಾರ ಸರ್ಕಾರದ ಪರವಾನಗಿ ಇಲ್ಲದೆ ಯಾರೂ ಪ್ರಸಾರ ಮಾಡುವಂತಿರಲಿಲ್ಲ. ಗಾಳಿಯಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲೇ ಹೇಳಿತ್ತು. ಮರುವರ್ಷ ಬೆಂಗಳೂರಿನಲ್ಲಿ ಸಭೆ ಸೇರಿದವರು ಸಮುದಾಯಗಳಿಗೆ ಬಾನುಲಿ ಬೇಕೆಂದು ಘೋಷಣೆಯನ್ನೂ ಹೊರಡಿಸಿದ್ದರು. ಆದರೂ ಹಳ್ಳಿಯವರ ಪಾಲಿಗೆ ಗಾಳಿ ಇನ್ನೂ ಸರ್ಕಾರದ್ದೇ ಆಗಿತ್ತು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾಗಿತ್ತು. ಮೊದಲು ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಮಹಿಳಾ ಸಂಘಗಳ ಸಭೆಯಲ್ಲಿ ಕೇಳಿಸುತ್ತಿದ್ದರು. ಬಳಿಕ ಕೇಬಲ್ ಟಿ.ವಿ.ಯ ತಂತಿಯಲ್ಲೇ ಧ್ವನಿಯನ್ನು ಹರಿಸಿ ಮನೆಮನೆಗೆ ಮುಟ್ಟಿಸಿದರು. ಗಾಳಿ ಸರ್ಕಾರದ್ದಾದರೆ ತಂತಿ ನಮ್ಮದು ಎಂಬಂತೆ.

ಒಂದು ದಿನ ಹೋಗಿ ನೋಡಿ ಬಂದೆ. ನಮ್ಮ ಶಾಲೆಯ ಮಕ್ಕಳ ತಾಯಂದಿರಂತಹ ಹೆಂಗಸರೇ ಅಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕುಳಿತಿದ್ದರು. ರೇಷ್ಮೆಹುಳುವಿನ ರೋಗದ ಮಾತು, ಸೀಮೆಹಸುವಿನ ಮೇವಿನ ಮಾತು, ಸಂಘದ ಸಾಲದ ಮಾತು. ಕೋಲಾರ ಸೀಮೆಯವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ: ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಎಲ್ಲಿಯೂ ಹೊಲಿಗೆ ಕಾಣದು. ಕನ್ನಡ ಮೇಷ್ಟ್ರಾದ ನನಗೆ ಮೊದಲು ಕಿವಿ ಚುಚ್ಚಿತು. ಅಕಾರ ಹಕಾರಗಳ ವ್ಯತ್ಯಾಸವಿಲ್ಲ, ವಿಭಕ್ತಿಯ ಗೊಡವೆಯಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿಯ ಶುದ್ಧ ಪರಂಪರೆಯೆಲ್ಲಿ, ಇದೆಲ್ಲಿ ಎಂದುಕೊಂಡೆ. "ಭಾಷೆಯನ್ನು ಸ್ವಲ್ಪ ತಿದ್ದಿಕೊಳ್ಳಬಹುದಲ್ಲವೆ?" ಎಂದು ಕೇಳಿಯೂ ಬಿಟ್ಟೆ. ಅಲ್ಲಿದ್ದ ಹೆಣ್ಣುಮಗಳು ನಗುತ್ತಲೇ ಹೇಳಿದಳು: "ತಿದ್ದಿದ್ರೆ ನಮ್ಮತ್ತೆ ಕೇಳಲ್ಲ ಸಾರ್. ರೇಡಿಯೋದೋರು ಬೇರೆ ಯಾರೋ ಮಾತಾಡ್ತವ್ರೆ ಅಂತ ಎದ್ದೋಯ್ತಾಳೆ."

ರಾಯಚೂರಿನ ಆ ಹಿರಿಯರು ಎದ್ದುಹೋದದ್ದು ಆ ಕ್ಷಣ ನನಗೆ ನೆನಪಾಯಿತು. ಗೋಪಾಲಸ್ವಾಮಿಯವರೂ ತಮ್ಮ ಊರಿನವರಿಗೆ ತಮ್ಮ ಊರಿನ ಮಾತಿನಲ್ಲೇ ತಾನೆ ಕೇಳಿಸಿದ್ದು!

ಇಲ್ಲಿಯೂ ಹಣ ಹೊರಗಿನದೇ. ಆದರೆ ಧ್ವನಿಮುದ್ರಣ ಮಾಡುವವರು, ಕತ್ತರಿಸಿ ಜೋಡಿಸುವವರು, ಏನನ್ನು ಕೇಳಿಸಬೇಕೆಂದು ನಿರ್ಧರಿಸುವವರು ಆ ಊರಿನವರು. ಬಾಗಿಲು ತೆಗೆಯಲು ಯಾರದೋ ಸಹಿಗೆ ಕಾಯಬೇಕಿರಲಿಲ್ಲ. ಇಂತಹ ಊರುಗಳ ಉದಾಹರಣೆ ತೋರಿಸಿ ತೋರಿಸಿಯೇ ಸಮುದಾಯ ಬಾನುಲಿಗಾಗಿ ಹೋರಾಡಿದವರು ದೆಹಲಿಯ ಕಿವಿ ತೆರೆಸಿದರು. 2002ರ ಡಿಸೆಂಬರಿನಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅಪ್ಪಣೆ ದೊರೆಯಿತು. ನನ್ನ ದೃಷ್ಟಿಯಲ್ಲಿ ಯುನೆಸ್ಕೋದ ಹಣ ತಂದ ಯಂತ್ರಗಳಿಗಿಂತ ಆ ಅಪ್ಪಣೆಯೇ ದೊಡ್ಡದು. ಯಂತ್ರ ಐದಾರು ವರ್ಷಕ್ಕೆ ಕೆಡುತ್ತದೆ. ಆದರೆ ಅಪ್ಪಣೆಯೂ ಅರೆಬರೆ: ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ಷರತ್ತನ್ನು ಅದರೊಡನೆಯೇ ಹೊಲಿದುಬಿಟ್ಟರು. ಕೆರೆಯ ಹೂಳಿನ ಬಗ್ಗೆ ಪದ ಹಾಡಬಹುದು, ಹೂಳೆತ್ತುವ ದುಡ್ಡು ಎಲ್ಲಿ ಹೋಯಿತೆಂದು ಸುದ್ದಿ ಓದುವಂತಿಲ್ಲ.

ಇನ್ನು ಮೂರನೆಯದು. ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಬೂದಿಕೋಟೆಗೆ ಹೋಗಿಬಂದ ಒಂದೆರಡು ವರ್ಷದಲ್ಲಿ ನಮ್ಮ ಶಾಲೆಗೂ ಹೊರದೇಶದ ನೆರವಿನ ಯೋಜನೆಯೊಂದರಿಂದ ಒಂದು ಟಿ.ವಿ., ಎರಡು ಟೇಪ್‌ರೆಕಾರ್ಡರು, ಮೈಕು, ಖಾಲಿ ಕ್ಯಾಸೆಟ್ಟುಗಳು ಬಂದವು. ಮಕ್ಕಳು ತಮ್ಮ ಊರಿನ ಹಾಡು ಕತೆಗಳನ್ನು ತಾವೇ ಮುದ್ರಿಸಿಕೊಳ್ಳಲಿ ಎಂಬುದು ಯೋಜನೆಯ ಆಶಯವಾಗಿತ್ತು. ಉಸ್ತುವಾರಿ ನನಗೆ ಬಂತು. ವಸ್ತುಗಳನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ, ಸಹಿ ಹಾಕಿ, ಗಾಡ್ರೇಜ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಯಾವುದಾದರೂ ಕಳೆದರೆ, ಮುರಿದರೆ ನನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯ. ತಪಾಸಣೆಗೆ ಬಂದವರೂ ವಸ್ತುಗಳನ್ನು ಎಣಿಸಿ, ಸರಿಯಿದೆ ಎಂದು ಸಹಿ ಮಾಡಿ ಹೋಗುತ್ತಿದ್ದರು. ಅವುಗಳಲ್ಲಿ ಏನಾದರೂ ಮುದ್ರಿಸಿದಿರಾ ಎಂದು ಒಬ್ಬರೂ ಕೇಳಲಿಲ್ಲ. ವರದಿಯಲ್ಲಿ ನಮ್ಮ ಶಾಲೆ ಪ್ರತಿ ವರ್ಷವೂ ಯಶಸ್ವಿ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಶುಕ್ರವಾರ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಅವಳ ಅಜ್ಜಿಗೆ ಬೀಸುವ ಪದಗಳು, ಸೋಬಾನೆ ಪದಗಳು ರಾತ್ರಿಯಿಡೀ ಹಾಡುವಷ್ಟು ಬರುತ್ತಿದ್ದವಂತೆ. ಎರಡು ದಿನ ಟೇಪ್‌ರೆಕಾರ್ಡರು ಕೊಟ್ಟರೆ ಸೋಮವಾರ ತಂದುಕೊಡುತ್ತೇನೆ ಎಂದಳು. "ಅದನ್ನು ಶಾಲೆಯ ಹೊರಗೆ ಕೊಡುವ ಹಾಗಿಲ್ಲಮ್ಮ, ಅಜ್ಜಿಯನ್ನೇ ಒಂದು ದಿನ ಇಲ್ಲಿಗೆ ಕರೆದುಕೊಂಡು ಬಾ" ಎಂದೆ. ಅಜ್ಜಿಗೆ ನಡೆಯಲಾಗದು ಎಂದಳು. "ನೋಡೋಣ" ಎಂದೆ. ಮೇಷ್ಟ್ರು ನೋಡೋಣ ಎಂದರೆ ಏನರ್ಥವೆಂದು ನಿಮಗೆಲ್ಲ ಗೊತ್ತು. ದಸರಾ ರಜೆ ಮುಗಿಸಿ ಬಂದ ಮೇಲೆ ಅವಳು ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಐದನೆಯ ದಿನ ಬಂದಾಗ ರಜಾ ಅರ್ಜಿಯಲ್ಲಿ ಕಾರಣ ಬರೆದಿದ್ದಳು: ಅಜ್ಜಿ ತೀರಿಕೊಂಡದ್ದರಿಂದ.

ಅರ್ಜಿಗೆ ಸಹಿ ಹಾಕಿದವನು ನಾನೇ. ಅವಳು ಟೇಪ್‌ರೆಕಾರ್ಡರಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ವರ್ಗವಾಗಿ ಹೋಗುವಾಗ ಆ ಕ್ಯಾಸೆಟ್ಟುಗಳು ಮೇಲಿನ ಹಾಳೆ ಹರಿಯದೆ ಹಾಗೆಯೇ ಇದ್ದವು. ಲೆಕ್ಕ ಒಪ್ಪಿಸಿ ಬೀಗದ ಕೈಯನ್ನು ಮುಂದಿನವರಿಗೆ ಕೊಟ್ಟು ಬಂದೆ. ಬೂದಿಕೋಟೆಯನ್ನು ಕಣ್ಣಾರೆ ಕಂಡು ಮೆಚ್ಚಿ ಬಂದವನು ಹೀಗೆ ಮಾಡಿದನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಆ ಹುಡುಗಿ ಈ ಪುಟವನ್ನು ಓದುತ್ತಿದ್ದರೆ, ತಪ್ಪಾಯಿತಮ್ಮ.

ಆದುದರಿಂದ, ಈ ನೆರವನ್ನು ಮರುಚಿಂತಿಸಬೇಕೆಂದು ಈಗ ದೇಶವಿದೇಶಗಳಲ್ಲಿ ಹೇಳುತ್ತಿರುವ ವಿದ್ವಾಂಸರು ಎಷ್ಟು ಕೋಟಿ ಬಂತು, ಎಷ್ಟು ಮಂದಿಗೆ ತರಬೇತಿಯಾಯಿತು ಎಂಬ ಎಣಿಕೆಯನ್ನು ಬಿಟ್ಟು ಬೇರೆಯದನ್ನು ಕೇಳಲಿ ಎಂಬುದು ನನ್ನ ಆಸೆ. ಕೊಟ್ಟವರು ಹೋದ ಮೂರನೆಯ ವರ್ಷ ಆ ಊರಿಗೆ ಹೋಗಿ ನೋಡಲಿ. ಬೀಗದ ಕೈ ಯಾರ ಬಳಿಯಿದೆ, ಕೆಟ್ಟದ್ದನ್ನು ಯಾರು ರಿಪೇರಿ ಮಾಡುತ್ತಾರೆ, ಪಂಚಾಯಿತಿ ಅಧ್ಯಕ್ಷರಿಗೆ ಇಷ್ಟವಾಗದ ಮಾತನ್ನು ಅಲ್ಲಿ ಆಡಲು ಆಗುತ್ತದೆಯೆ ಎಂದು ಕೇಳಲಿ. ನಮ್ಮ ಬೀರುವನ್ನು ಮೂರು ವರ್ಷದ ಮೇಲೆ ಬಂದು ನೋಡಿದ್ದರೆ ನನ್ನ ಕಳ್ಳತನ ಅಂದೇ ಬಯಲಾಗುತ್ತಿತ್ತು.

ನೇಪಾಳದಲ್ಲಿಯೂ ಯುನೆಸ್ಕೋ ನೆರವಿನಿಂದಲೇ 1997ರಲ್ಲಿ ರೇಡಿಯೋ ಸಗರಮಾಥಾ ಹುಟ್ಟಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲ ಸ್ವತಂತ್ರ ಸಮುದಾಯ ಬಾನುಲಿ. ಆ ಒಂದು ದೀಪದಿಂದ ಮುಂದೆ ನೂರಾರು ದೀಪಗಳು ಹೊತ್ತಿಕೊಂಡವು. ಅಲ್ಲಿಯವರು ಸುದ್ದಿ ಹೇಳುವ ಹಕ್ಕನ್ನೂ ಪಡೆದರು. 2005ರಲ್ಲಿ ಅರಸರು ಆಡಳಿತವನ್ನು ಕೈಗೆ ತೆಗೆದುಕೊಂಡು ಬಾನುಲಿಯಲ್ಲಿ ಸುದ್ದಿ ನಿಷೇಧಿಸಿದಾಗ ಆ ಕೇಂದ್ರಗಳೇ ಎದುರು ನಿಂತವು. ಹೊರಗಿನ ಹಣ ಪಡೆದವರೆಲ್ಲ ಹೊರಗಿನವರ ಮಾತನ್ನೇ ಆಡುತ್ತಾರೆನ್ನುವವರು ಇದಕ್ಕೇನು ಹೇಳುತ್ತಾರೋ.

ನಮ್ಮ ದೇಶದ ಕಾನೂನು ಇದಕ್ಕೆ ಬೇರೆಯೇ ದಾರಿ ಹಿಡಿದಿದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಪತ್ರಿಕೆಗಳ ಸಂಪಾದಕರು, ಮಾಲೀಕರು, ಸುದ್ದಿ ಪ್ರಸಾರ ಮಾಡುವವರು ಹೊರದೇಶದ ವಂತಿಗೆ ಪಡೆಯುವಂತಿಲ್ಲ. ಚುನಾವಣೆ ನಡೆಯುವ ದೇಶದಲ್ಲಿ ಈ ಎಚ್ಚರಿಕೆ ತಪ್ಪೆಂದು ನಾನು ಹೇಳಲಾರೆ. ಆದರೆ ಹೊರಗಿನ ಬಾಗಿಲನ್ನು ಮುಚ್ಚಿದವರು ಒಳಗಿನ ಬಾಗಿಲನ್ನು ತೆರೆಯಬೇಕಲ್ಲವೆ? ಜಿಲ್ಲೆಯ ಸಣ್ಣ ಪತ್ರಿಕೆಗಳು ಸರ್ಕಾರಿ ಜಾಹೀರಾತಿನ ಮೇಲೆ ಉಸಿರಾಡುತ್ತಿವೆ. ಸಮುದಾಯ ಬಾನುಲಿಗೆ ಗಂಟೆಗೆ 12 ನಿಮಿಷ ಜಾಹೀರಾತು, ಸರ್ಕಾರದ ಜಾಹೀರಾತಾದರೆ ಹತ್ತು ಸೆಕೆಂಡಿಗೆ 74 ರೂಪಾಯಿ ಎಂದು 2024ರಲ್ಲಿ ಏರಿಸಿದರು. ಹಳ್ಳಿಯಲ್ಲಿ ಜಾಹೀರಾತು ಕೊಡುವವರು ಯಾರು? ಬಡ್ಡಿ ಅಂಗಡಿಯವನು, ಗೊಬ್ಬರದ ಅಂಗಡಿಯವನು. ನಾಳೆ ಗೊಬ್ಬರ ಕಲಬೆರಕೆಯಾದರೆ ಆ ಬಾನುಲಿ ಬಾಯಿ ಬಿಟ್ಟೀತೆ? ದೂರದ ದಾನಿಗೆ ನಮ್ಮೂರಲ್ಲಿ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ಅದೂ ಒಂದು ಅನುಕೂಲವೇ ಆಗಿತ್ತು.

ನನ್ನದೊಂದು ಸಲಹೆ. ನಗುವವರು ನಗಬಹುದು. ಬಿಬಿಎಂಪಿ ಕಾಲದ ಮನೆ ಕಂದಾಯದ ಲೆಕ್ಕ ತೆಗೆದು ನೋಡಿ: ತೆರಿಗೆಯ ಮೇಲೆ ಶೇಕಡಾ 24 ಉಪಕರ. ಆರೋಗ್ಯಕ್ಕೆ 15, ಭಿಕ್ಷುಕರಿಗೆ 3, ಗ್ರಂಥಾಲಯಕ್ಕೆ 6. 1965ರ ಕಾಯಿದೆಯಿಂದ ಬಂದ ಈ ಗ್ರಂಥಾಲಯ ಕರದಿಂದಲೇ ನಮ್ಮ ನಾಡಿನ ಬಡ ಮಕ್ಕಳು ಪುಸ್ತಕ ಓದಿದ್ದಾರೆ, ನಾನೂ ಓದಿದ್ದೇನೆ. ಕೇಳುವ ಓದುವ ಹಕ್ಕಿಗೆ ಕರ ಕೊಡುವ ನಾವು, ಊರು ತನ್ನ ಮಾತನ್ನು ತಾನು ಆಡಿಕೊಳ್ಳುವುದಕ್ಕೂ ಅದರಲ್ಲೊಂದು ಪಾಲನ್ನು ಮೀಸಲಿಡಬಾರದೇಕೆ? ಹಣ ಸರ್ಕಾರದ ಮೂಲಕ ಬಂದರೆ ಸರ್ಕಾರದ ಕೈವಾಡವೂ ಬರುತ್ತದೆ, ಬಲ್ಲೆ. ವಸೂಲಾದ ಗ್ರಂಥಾಲಯ ಕರವನ್ನೇ ಗ್ರಂಥಾಲಯಗಳಿಗೆ ಸಕಾಲದಲ್ಲಿ ದಾಟಿಸುವುದಿಲ್ಲವೆಂಬ ದೂರೂ ಹಳೆಯದೇ. ಆದರೂ ತೆರಿಗೆ ಕೊಟ್ಟವನು ಹೋಗಿ "ನನ್ನ ದುಡ್ಡು, ಬಾಗಿಲು ತೆಗೆಯಿರಿ" ಎನ್ನಬಹುದು. ವಾಷಿಂಗ್ಟನ್ನಿಗೆ ಹೋಗಿ ಹಾಗೆನ್ನಲಾದೀತೆ?

ಬೇಗೂರಿನಲ್ಲಿ ಕುಳಿತು ಇದನ್ನು ಬರೆಯುವುದಕ್ಕೂ ಕಾರಣವಿದೆ. 'ಬೆಂಗಳೂರು' ಎಂಬ ಹೆಸರು ಮೊದಲು ಕಾಣಿಸುವುದು ನಾನು ಕೂರುವ ಈ ದೇವಾಲಯದ ಆವರಣದ ವೀರಗಲ್ಲಿನಲ್ಲಿ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ಬೆಂಗಳೂರ ಕಾಳಗದಲ್ಲಿ ಮಡಿದವರ ಸುದ್ದಿಯನ್ನು ಯಾರೋ ಊರಿನ ಮಾತಿನಲ್ಲಿ ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದರು. ಈಗ ಇದೇ ಬೇಗೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ದುಡಿಯಲು ಹೋಗುವ ಸಾವಿರಾರು ಕುಟುಂಬಗಳಿವೆ. ಕೆರೆಯ ಸುದ್ದಿ, ಟ್ಯಾಂಕರ್ ನೀರಿನ ಸುದ್ದಿ ಅಪಾರ್ಟ್‌ಮೆಂಟಿನವರ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಓಡಾಡುತ್ತದೆ. ಅದೇ ಸುದ್ದಿಯನ್ನು ಹಳೆಯ ಊರಿನವರು ಅರಳಿಕಟ್ಟೆಯಲ್ಲಿ ಕನ್ನಡ ತೆಲುಗಿನಲ್ಲಿ ಆಡಿಕೊಳ್ಳುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಇಷ್ಟು ತಂತ್ರಜ್ಞರಿರುವ ಊರಿಗೆ ಯಂತ್ರದ ನೆರವನ್ನು ಯಾವ ದೇಶವೂ ಕೊಡಬೇಕಾಗಿಲ್ಲ.

ಎರಡು ದಿನದ ಮೇಲೆ ವಿದ್ಯಾರ್ಥಿನಿಗೆ ನಾನೇ ಕರೆ ಮಾಡಿದೆ. ವ್ಯರ್ಥವೋ ಅಲ್ಲವೋ ಎಂದು ಹೇಳಲಿಲ್ಲ. "ನೀನು ತರಬೇತಿ ಕೊಟ್ಟವರ ಹೆಸರುಗಳನ್ನು ಬರೆ ಮಗೂ. ಸಂಬಳ ನಿಂತ ಮೇಲೆ ಅವರಲ್ಲಿ ಯಾರು ಈಗಲೂ ಮೈಕಿನ ಮುಂದೆ ಕೂರುತ್ತಿದ್ದಾರೆ, ಯಾರು ಮತ್ತೊಬ್ಬರಿಗೆ ಕಲಿಸುತ್ತಿದ್ದಾರೆ, ಯಾರು ಬಿಟ್ಟಿದ್ದಾರೆ ಎಂದು ಒಬ್ಬೊಬ್ಬರನ್ನೂ ಕೇಳಿ ಎದುರಿಗೆ ಬರೆದು ನನಗೆ ಕಳಿಸು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಟೈರ್ ಆದ ಮೇಲೂ ಹೋಂವರ್ಕ್ ಕೊಡುತ್ತೀರಲ್ಲ ಸರ್" ಎಂದಳು. ಇಬ್ಬರೂ ನಕ್ಕೆವು.

ನಿನ್ನೆ ಅವಳಿಂದ ಸಂದೇಶ ಬಂದಿದೆ. ನಾಲ್ವರ ಜೊತೆ ಮಾತಾಡಿದ್ದಾಳಂತೆ. ಮೂವರು ಇನ್ನೂ ಅಲ್ಲೇ ಇದ್ದಾರೆ, ಒಬ್ಬ ಕತಾರಿಗೆ ದುಡಿಯಲು ಹೋಗಿದ್ದಾನೆ. ಉಳಿದವರ ಪಟ್ಟಿಗೆ ಕಾಯುತ್ತಿದ್ದೇನೆ.